ಮೀನುಕೋಣೆಯಲ್ಲಿ ಬಿದ್ದವನನ್ನು ಎತ್ತುವುದು: ಚರ್ಚಾಪಾಠದ ಮೂರನೇ ಕರಡು

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ಕಟ್ಟಿ ನಿಂತಿರುವ ಈ 61 ದಿನಗಳಲ್ಲೇ ಹಿಡಿದ ಮೀನು ತುಂಬುವ ಕೋಣೆಯಲ್ಲಿ ಯಾರಾದರೂ ಬಿದ್ದರೆ ಏನು ಮಾಡಬೇಕೆಂಬ ತರಬೇತಿ ಮುಗಿಸಿಬಿಡಬಹುದು ಅನ್ನಿಸುತ್ತದೆ. ಆದರೆ ಹೊರರಾಜ್ಯದ ಖಲಾಸಿಗಳು (ಬೋಟಿನ ಕೆಲಸಗಾರರು) ಆಗ ತಮ್ಮ ಊರಲ್ಲಿರುತ್ತಾರೆ, ಮರಳುವುದು ಜುಲೈ ಕೊನೆಗೆ. ಹಾಗಾಗಿ ಜೂನ್‌ನಲ್ಲಿ ಪಾಠ ತಿದ್ದುವುದು, ಬಲೆ ಹತ್ತಿಸುವ ವಾರದಲ್ಲಿ ಬೋಟಿನ ಪೂರ್ತಿ ತಂಡವನ್ನು ಕೂರಿಸುವುದು ಎಂದು ಇಟ್ಟುಕೊಂಡಿದ್ದೇವೆ. ಬೋಟು ನಡೆಸುವ ತಾಂಡೇಲನೊಬ್ಬನೇ ಬಂದರೆ ಪ್ರಯೋಜನವಿಲ್ಲ.

ಪಾಠದ ವಿಧಾನ ಕಲ್ಲಿದ್ದಲು ಗಣಿಯದು. ಗಣಿಯಲ್ಲಿ ಹೊಗೆ ತುಂಬಿದಾಗ ಐದಾರು ಜನರ ಗುಂಪೊಂದು ಅರ್ಧಂಬರ್ಧ ಮಾಹಿತಿಯಲ್ಲೇ ಯಾವ ದಾರಿ ಹಿಡಿಯಬೇಕು, ಉಸಿರಾಟದ ಸಾಧನ ಯಾವಾಗ ಹಾಕಿಕೊಳ್ಳಬೇಕು ಎಂದು ತೀರ್ಮಾನಿಸಬೇಕಾಗುತ್ತದೆ. ಇದನ್ನು ಮೇಜಿನ ಸುತ್ತ ಕೂತು ಅಭ್ಯಾಸ ಮಾಡಲೆಂದು 1980ರ ದಶಕದಲ್ಲಿ ಅಮೆರಿಕದ ಬ್ಯೂರೋ ಆಫ್ ಮೈನ್ಸ್ ಮತ್ತು ಕೆಂಟಕಿ ವಿಶ್ವವಿದ್ಯಾಲಯದವರು ಕಾಗದದ ಪಾಠಗಳನ್ನು ಸಿದ್ಧಪಡಿಸಿದರು. ಉತ್ತರ ಕಣ್ಣಿಗೆ ಕಾಣದ ಶಾಯಿಯಲ್ಲಿ ಅಚ್ಚಾಗಿರುತ್ತದೆ. ಆರಿಸಿದ ಆಯ್ಕೆಯ ಮೇಲೆ ವಿಶೇಷ ಪೆನ್ ಉಜ್ಜಿದರೆ ಅದರ ಪರಿಣಾಮ ಮೂಡುತ್ತದೆ. ಒಮ್ಮೆ ಉಜ್ಜಿದ್ದನ್ನು ಹಿಂತೆಗೆಯಲಾಗದು. ನಮಗೆ ಬೇಕಾದದ್ದು ಈ ಗುಣವೇ.

ಆ ಶಾಯಿಯ ಬದಲಿಗೆ ಲಾಟರಿ ಚೀಟಿಯಂತೆ ಕೆರೆಯುವ ಬೆಳ್ಳಿ ಬಣ್ಣದ ಸ್ಟಿಕರ್ ಹಚ್ಚಿ ನೋಡಿದ್ದಾಯಿತು. ಸಾದಾ ಕಾಗದದ ಮೇಲೆ ಹಚ್ಚಿದರೆ ಅಕ್ಷರದ ಸಮೇತ ಕಿತ್ತು ಬರುತ್ತದೆ. ಲ್ಯಾಮಿನೇಟ್ ಮಾಡಿದ ಹಾಳೆಯ ಮೇಲೆ ನಿಲ್ಲುತ್ತದೆ. ಆದರೂ ಓದು ಬಾರದವರು ಹಿಂದೆ ಉಳಿದರು. ಈಗಿನ ಕ್ರಮ ಸರಳ: ನಾಲ್ಕು ಆಯ್ಕೆಗೆ ನಾಲ್ಕು ಕರಟ, ಪ್ರತಿಯೊಬ್ಬನ ಕೈಗೆ ಒಂದು ಹುಣಸೆ ಬೀಜ. ಪ್ರಶ್ನೆ ಮತ್ತು ಆಯ್ಕೆಗಳನ್ನು ಕನ್ನಡ, ಕೊಂಕಣಿ, ಹಿಂದಿಯಲ್ಲಿ ಎರಡೆರಡು ಸಲ ಗಟ್ಟಿಯಾಗಿ ಓದುವುದು. ಮುಷ್ಟಿ ಮುಚ್ಚಿಕೊಂಡೇ ಬಂದು ಬೀಜವನ್ನು ಕರಟದಡಿ ಇಡುವುದು. ಎಲ್ಲರದೂ ಮುಗಿದ ಮೇಲೆ ಕರಟ ಎತ್ತಿ, ಬೀಜ ಇಟ್ಟವರಿಂದ ಕಾರಣ ಕೇಳುವುದು, ಎಲ್ಲರಿಗಿಂತ ಚಿಕ್ಕವನಿಂದ ಶುರುಮಾಡಿ. ತಾಂಡೇಲ ಮೊದಲು ಬಾಯಿ ಬಿಟ್ಟರೆ ಉಳಿದವರೆಲ್ಲ ಹೌದು ಹೌದು ಎನ್ನುತ್ತಾರೆ, ಪಾಠ ಅಲ್ಲಿಗೇ ಮುಗಿಯುತ್ತದೆ.

ಈ ಕರಡಿನ ಸನ್ನಿವೇಶ: ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟು, ಕಡಲಿಗಿಳಿದ ಐದನೇ ದಿನ, ಕಾರವಾರದಾಚೆಯ ದೇವಗಡ ದ್ವೀಪದ ದೀಪಸ್ತಂಭದಿಂದ ಪಶ್ಚಿಮಕ್ಕೆ 14 ನಾಟಿಕಲ್ ಮೈಲು. ಮೀನುಕೋಣೆಯ ತಳದ ನೀರು ಎತ್ತುವ ಪಂಪಿನ ಬಾಯಿ ಕಟ್ಟಿದೆ. ಬಿಡಿಸಲು ಇಳಿದ ಖಲಾಸಿ ಓಗೊಡುತ್ತಿಲ್ಲ.

ಕೊಳೆತ ಮೀನಿನ ನೀರಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಎಂಬ ವಿಷದ ಗ್ಯಾಸು ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ 100 ಭಾಗದಷ್ಟಾದರೆ ಮೂಗೇ ಸತ್ತುಹೋಗುತ್ತದೆ. ‘ವಾಸನೆ ಹೋಯಿತು, ಇನ್ನು ಇಳಿಯಬಹುದು’ ಎನ್ನುವ ಮಾತು ಹುಟ್ಟುವುದು ಇಲ್ಲಿಯೇ. 1000 ದಾಟಿದರೆ ಒಂದೆರಡು ಉಸಿರು ಸಾಕು. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ಟ್ಯಾಂಕಿನಲ್ಲಿ ಬಿದ್ದವನನ್ನು ಎತ್ತಲು ಒಬ್ಬರ ಹಿಂದೊಬ್ಬರು ಇಳಿದು, ಒಟ್ಟು ಐವರು ತೀರಿಕೊಂಡರು.

ಮೊದಲ ಪ್ರಶ್ನೆ ಅದೇ: ಈಗ ಏನು ಮಾಡುತ್ತೀರಿ? ಹಿಂದಿನ ಕರಡಿನಲ್ಲಿ ‘ಸುಮ್ಮನಿರುವುದು’ ಎಂಬ ಆಯ್ಕೆಯಿತ್ತು. ಅದರಡಿ ಒಂದು ಬೀಜವೂ ಬೀಳಲಿಲ್ಲ. ಒಳ್ಳೆಯವನೊಬ್ಬ ನಂಬಿ ಆರಿಸುವಂತಿದ್ದರೆ ಮಾತ್ರ ತಪ್ಪು ಆಯ್ಕೆಗೆ ಬೆಲೆ. ಅದನ್ನು ತೆಗೆದು ‘ಒದ್ದೆ ಬಟ್ಟೆ ಮೂಗಿಗೆ ಕಟ್ಟಿ ಇಳಿಯುವುದು’ ಎಂದು ಹಾಕಿದಾಗ ಬೀಜಗಳು ಅಲ್ಲಿ ರಾಶಿಬಿದ್ದವು. ಬಟ್ಟೆ ಈ ಗ್ಯಾಸನ್ನು ತಡೆಯುವುದಿಲ್ಲ. ಗಣಿಯಲ್ಲೂ ಇಂಥದೇ ಮಾತಿದೆ: ಗಾಳಿ ಸೋಸುವ ಮಾದರಿಯ ಸೆಲ್ಫ್ ರೆಸ್ಕ್ಯೂವರ್ (ಗಣಿಗಾರರ ಉಸಿರಾಟದ ಸಾಧನ) ಕಾರ್ಬನ್ ಮೊನಾಕ್ಸೈಡ್ ತಡೆದೀತು, ಇಲ್ಲದ ಆಮ್ಲಜನಕವನ್ನು ಕೊಡಲಾರದು. ಸರಿಯಾದ ಉತ್ತರ: ಒಬ್ಬ ಬಾಗಿಲಿಗೆ ಅಡ್ಡ ನಿಂತು ಯಾರನ್ನೂ ಇಳಿಯಗೊಡಬಾರದು, ಉಳಿದವರು ಎಲ್ಲ ಮುಚ್ಚಳ ತೆರೆದು, ಟಾರ್ಪಾಲನ್ನು ಗಾಳಿಗೆ ಎದುರಾಗಿ ಹಿಡಿದು ಅದರ ಬಾಲವನ್ನು ಕೋಣೆಯ ತಳದವರೆಗೆ ಇಳಿಸಬೇಕು. ತಳದ ನೀರು ಕಲಕಬಾರದು, ಕಲಕಿದರೆ ಗ್ಯಾಸು ಇನ್ನಷ್ಟು ಏಳುತ್ತದೆ.

ಎರಡನೆಯದು ಕರೆ. ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್, ಅಪಾಯದ ಕರೆಯಾದ ‘ಮೇಡೇ’ ಮೂರು ಸಲ, ಬೋಟಿನ ಹೆಸರು ಮೂರು ಸಲ, ಜಾಗ, ಏನಾಗಿದೆ, ಎಷ್ಟು ಜನ. ಫೋನ್ ಸಿಕ್ಕರೆ ಕೋಸ್ಟ್ ಗಾರ್ಡ್‌ಗೆ 1554, ಕರಾವಳಿ ಕಾವಲು ಪೊಲೀಸರಿಗೆ 1093. ಎಡವುವುದು ಜಾಗ ಹೇಳುವಲ್ಲಿ. ‘ದೇವಗಡದ ಹೊರಗೆ, ಇಷ್ಟು ಮಾರು ನೀರಿನಲ್ಲಿ’ ಎನ್ನುವುದು ಪಕ್ಕದ ಬೋಟಿಗೆ ತಿಳಿದೀತು, ಹೆಲಿಕಾಪ್ಟರಿಗೆ ತಿಳಿಯದು. ಜಿಪಿಎಸ್‌ನಲ್ಲಿ 14 ಡಿಗ್ರಿ 49.50 ಮಿನಿಟ್ ಎಂದು ಬಂದದ್ದನ್ನು ‘49 ಮಿನಿಟ್ 50 ಸೆಕೆಂಡ್’ ಎಂದು ಓದುವವರು ಬಹಳ. ಅರ್ಧ ಮಿನಿಟ್ ಎಂದರೆ 30 ಸೆಕೆಂಡ್, 50 ಅಲ್ಲ. ಆ 20 ಸೆಕೆಂಡಿನ ವ್ಯತ್ಯಾಸ ನೀರಿನ ಮೇಲೆ ಸುಮಾರು 600 ಮೀಟರ್. ಅದಕ್ಕೇ ‘ನಲವತ್ತೊಂಬತ್ತು ಪಾಯಿಂಟ್ ಐದು ಸೊನ್ನೆ’ ಎಂದು ಅಂಕಿ ಬಿಡಿಸಿ ಹೇಳಿಸುತ್ತೇವೆ, ಪಾಯಿಂಟ್ ಎಂಬ ಮಾತು ಬಿಡದಂತೆ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು. ಉಸಿರಾಟದ ಸಾಧನ ಬೋಟಿನಲ್ಲಿಲ್ಲ, ಇಳಿಯಬಾರದು ಅಂದರೆ ಎತ್ತುವುದು ಹೇಗೆ? ಅವನು ಬಾಗಿಲ ನೇರಕ್ಕೆ ಬಿದ್ದಿದ್ದರೆ ಕೊಕ್ಕೆಗೋಲಿನಿಂದ ಬಟ್ಟೆಗೆ ಸಿಕ್ಕಿಸಿ ಎಳೆಯಬಹುದು. ಮೂಲೆಯಲ್ಲಿದ್ದರೆ ಈ ಪಾಠದಲ್ಲಿ ಒಳ್ಳೆಯ ಉತ್ತರವೇ ಇಲ್ಲ, ಹಾಕುವುದೂ ಇಲ್ಲ. ತಂಡ ಸಿಟ್ಟಾಗುತ್ತದೆ, ಆಗಬೇಕು. ಆಗ ಸನ್ನಿವೇಶವನ್ನು ಹತ್ತು ನಿಮಿಷ ಹಿಂದಕ್ಕೆ ಒಯ್ದು, ಇಳಿಯುವ ಮೊದಲು ಏನು ಮಾಡಿದ್ದರೆ ಈಗ ಎತ್ತಬಹುದಿತ್ತು ಎಂದು ಕೇಳುತ್ತೇವೆ. ಉತ್ತರ ತಂಡದಿಂದಲೇ ಬರುತ್ತದೆ: ಕಂಕುಳಡಿ ಹಗ್ಗ ಸುತ್ತಿ, ಬಿಗಿದರೂ ಜಾರದ ಕುಣಿಕೆ ಹಾಕಿ, ತುದಿ ಮೇಲಿನವನ ಕೈಯಲ್ಲಿ. ಎಚ್ಚರ ತಪ್ಪಿದ 65 ಕಿಲೋ ಆಳನ್ನು ಇಬ್ಬರು ನೇರ ಮೇಲಕ್ಕೆ ಎಳೆಯುವುದು ಬಲು ಕಷ್ಟ, ಆದ್ದರಿಂದ ಹಗ್ಗವನ್ನು ಬಾಗಿಲ ಮೇಲಿನ ಕಪ್ಪಿಯಲ್ಲಿ ಹಾಯಿಸಿಡಬೇಕು.

ಎತ್ತಿದ ಮೇಲಿನದನ್ನು ಚುಟುಕಾಗಿ ಮುಗಿಸಿದ್ದೇವೆ. ಬಯಲು ಗಾಳಿಗೆ ಒಯ್ಯುವುದು. ಉಸಿರಿಲ್ಲದಿದ್ದರೆ ಎದೆಯನ್ನು 5ರಿಂದ 6 ಸೆಂಟಿಮೀಟರ್ ಆಳಕ್ಕೆ ನಿಮಿಷಕ್ಕೆ 100ರಿಂದ 120 ಸಲ ಒತ್ತುವುದು, ಎರಡು ನಿಮಿಷಕ್ಕೊಮ್ಮೆ ಆಳು ಬದಲು. 7 ನಾಟ್ (ಗಂಟೆಗೆ 7 ನಾಟಿಕಲ್ ಮೈಲು) ವೇಗದಲ್ಲಿ ಬಂದರಿಗೆ ಎರಡು ಗಂಟೆಗೂ ಹೆಚ್ಚು ಬೇಕು. ಹಾಗಾಗಿ ವೇಗದ ದೋಣಿಯನ್ನು ರೇಡಿಯೋದಲ್ಲೇ ಕೇಳಬೇಕು.

ಒಂದು ಪಾಠಕ್ಕೆ 45 ನಿಮಿಷ ಹಿಡಿಯುತ್ತದೆ, ಆರೆಂಟು ಜನಕ್ಕಿಂತ ಹೆಚ್ಚಾದರೆ ಹಿಂದಿನವರು ಮಾತಾಡುವುದಿಲ್ಲ. ಮೀನಿನ ಹಿಂಡಿನ ಸುತ್ತ ಬಲೆ ಹಾಕುವ ಪರ್ಸೀನ್ ಬೋಟಿನ ದೊಡ್ಡ ತಂಡವನ್ನು ಮೂರು ಗುಂಪು ಮಾಡಿ ಕೂರಿಸಬೇಕಾದೀತು, ಕರಟಗಳೂ ಹನ್ನೆರಡು ಬೇಕು. ಮುಂದಿನ ಕರಡು ಹೊನ್ನಾವರದ ಬೋಟುಗಳಿಗೆ: ಶರಾವತಿ ಅಳಿವೆಯ ಮರಳು ದಿಬ್ಬದ ಮೇಲೆ ಇಳಿತದ ಹೊತ್ತಿಗೆ ಎಂಜಿನ್ ನಿಂತರೆ ಮೊದಲು ಲಂಗರೋ, ಲೈಫ್ ಜಾಕೆಟ್ಟೋ? ಅಳಿವೆಯ ಸೆಳೆತ ಬಲ್ಲ ಅಲ್ಲಿನ ತಾಂಡೇಲರನ್ನು ಕೂರಿಸಿಕೊಂಡೇ ಅದರ ಆಯ್ಕೆಗಳನ್ನು ಬರೆಯಬೇಕು.