ಕಸದ ಲೆಕ್ಕದಲ್ಲಿ ಮೊದಲು ನೀರನ್ನು ಅಳೆಯಿರಿ

ನಗರದ ಘನತ್ಯಾಜ್ಯದ ವರದಿ ಎಂದರೆ ‘ಆಹಾರ ತ್ಯಾಜ್ಯ ಶೇ. 50, ಕಾಗದ ಶೇ. 12’ ಎಂಬಂಥ ಕೋಷ್ಟಕ ಇದ್ದೇ ಇರುತ್ತದೆ. ಅದು ಹಸಿ ತೂಕದ ಲೆಕ್ಕವೋ ಒಣ ತೂಕದ್ದೋ ಎಂದು ಬರೆಯದಿದ್ದರೆ ಅದನ್ನು ನಂಬಿ ಯಾವ ಘಟಕವನ್ನೂ ವಿನ್ಯಾಸ ಮಾಡಬಾರದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. 1000 ಕೆಜಿ ಮಿಶ್ರ ಕಸದಲ್ಲಿ ಆಹಾರ ತ್ಯಾಜ್ಯ 500 ಕೆಜಿ, ಕಾಗದ 120, ಪ್ಲಾಸ್ಟಿಕ್ 100, ಎಲೆ-ಹುಲ್ಲು 100, ಮಣ್ಣು-ಗಾಜು-ಕಲ್ಲುಚೂರು 180 ಎನ್ನಿ. ತೇವಾಂಶ ಕ್ರಮವಾಗಿ ಶೇ. 70, 6, 2, 60 ಮತ್ತು 8. ಕೂಡಿಸಿದರೆ ನೀರೇ ಸುಮಾರು 434 ಕೆಜಿ. ಉಳಿದ 566 ಕೆಜಿ ಒಣ ಪದಾರ್ಥದಲ್ಲಿ ಆಹಾರದ ಪಾಲು 150 ಕೆಜಿ, ಅಂದರೆ ಶೇ. 26. ಮಣ್ಣು-ಗಾಜಿನ ಪಾಲು ಶೇ. 29. ಹಸಿ ಲೆಕ್ಕದಲ್ಲಿ ಅರ್ಧದಷ್ಟಿದ್ದ ಆಹಾರ, ಒಣ ಲೆಕ್ಕದಲ್ಲಿ ಮಣ್ಣಿಗಿಂತ ಹಿಂದೆ ಬಿತ್ತು. ಕಸ ಅದೇ, ಕೋಷ್ಟಕ ಮಾತ್ರ ಬೇರೆ.

ಇನ್ನೊಂದು ತೊಡಕಿದೆ. ನೀರು ಇದ್ದಲ್ಲೇ ಇರುವುದಿಲ್ಲ. ಮನೆಯಲ್ಲಿ ಶೇ. 6 ತೇವವಿದ್ದ ಕಾಗದ, ಹಸಿಕಸದ ಜೊತೆ ಲಾರಿಯಲ್ಲಿ ಕೆಲವು ಗಂಟೆ ಇದ್ದರೆ ಅದರ ರಸವನ್ನು ಹೀರಿ ಹಲವು ಪಟ್ಟು ತೇವವಾಗುತ್ತದೆ. ತೆಳು ಪ್ಲಾಸ್ಟಿಕ್ ಚೀಲ ನೀರು ಹೀರದು, ಆದರೆ ಅದಕ್ಕೆ ಅಂಟಿದ ಕೊಳೆ ಚೀಲಕ್ಕಿಂತ ಹೆಚ್ಚು ತೂಗಬಹುದು. ವಿಲೇವಾರಿ ಜಾಗದಲ್ಲಿ ತೂಗಿದಾಗ ಕಾಗದ, ಪ್ಲಾಸ್ಟಿಕ್ ಎರಡರ ಪಾಲೂ ನಿಜಕ್ಕಿಂತ ಹೆಚ್ಚಾಗಿ, ಆಹಾರದ್ದು ಕಡಿಮೆಯಾಗಿ ಕಾಣುವುದು ಇದರಿಂದಲೇ. ಮಾದರಿ ಎಲ್ಲಿ ತೆಗೆದದ್ದು ಎಂಬುದನ್ನೂ ವರದಿಯಲ್ಲಿ ಬರೆಯಬೇಕು.

ಮಾದರಿ ತೆಗೆಯುವ ಕ್ರಮ ಹೀಗೆ: ಲಾರಿಯ ಪೂರ್ತಿ ಕಸವನ್ನು ಗಟ್ಟಿ ನೆಲದ ಮೇಲೆ ಸುರಿಸಿ, ಚೀಲಗಳನ್ನು ಹರಿದು, ಗುದ್ದಲಿಯಿಂದ ಚೆನ್ನಾಗಿ ಕಲಸಿ. ರಾಶಿ ಮಾಡಿ, ತಟ್ಟಿ ಹರಡಿ, ನಾಲ್ಕು ಭಾಗ ಮಾಡಿ. ಎದುರುಬದುರಿನ ಎರಡು ಭಾಗ ಇಟ್ಟುಕೊಂಡು ಉಳಿದೆರಡನ್ನು ತೆಗೆದುಹಾಕಿ. ಸುಮಾರು 100 ಕೆಜಿ ಉಳಿಯುವ ತನಕ ಇದನ್ನೇ ಮುಂದುವರಿಸಿ. ಮೇಲಿನಿಂದ ನಾಲ್ಕು ಬುಟ್ಟಿ ಎತ್ತಿಕೊಂಡರೆ ಲೆಕ್ಕ ಕೆಡುತ್ತದೆ, ಏಕೆಂದರೆ ಧೂಳು, ಮಣ್ಣು, ಗಾಜಿನ ಚೂರು ತಳ ಸೇರಿರುತ್ತವೆ. 10 ಮಿಮೀ ಜರಡಿಯಿಂದ ಕೆಳಗೆ ಬಿದ್ದದ್ದನ್ನು ಕಣ್ಣಳತೆಯಲ್ಲಿ ‘ಆಹಾರ’, ‘ಮಣ್ಣು’ ಎಂದು ಹಂಚದೆ ಪ್ರತ್ಯೇಕ ವರ್ಗವಾಗಿಯೇ ತೂಗಿ. ವಾರದ ಏಳೂ ದಿನ ತೆಗೆಯಬೇಕು. ರಜಾದಿನದ ಕಸ ಬೇರೆ, ಮಳೆಗಾಲದ್ದು ಇನ್ನೂ ಬೇರೆ.

ತೇವಾಂಶದ ಮಾದರಿಯನ್ನು ಗಾಳಿಯಾಡದ ಚೀಲದಲ್ಲಿ ಆಗಿಂದಾಗಲೇ ಕಟ್ಟಿ. ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ, 105 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ, ತೂಕ ಇನ್ನು ಇಳಿಯುವುದಿಲ್ಲ ಎನ್ನುವವರೆಗೆ ಇಡಿ. ಸಾಮಾನ್ಯವಾಗಿ 24 ಗಂಟೆ ಬೇಕು. ತೆಳು ಪ್ಲಾಸ್ಟಿಕ್ ಆ ಶಾಖಕ್ಕೆ ಮೆತ್ತಗಾಗಿ ಮಡಿಕೆಗಳಲ್ಲಿ ನೀರನ್ನು ಹಿಡಿದಿಡುತ್ತದೆ; ಅದನ್ನು 70–75 ಡಿಗ್ರಿಯಲ್ಲಿ ಬೇರೆಯಾಗಿ ಒಣಗಿಸುವುದು ಒಳ್ಳೆಯದು.

ಸಾಂದ್ರತೆ ತಿಳಿಯಲು ಗೊತ್ತಾದ ಅಳತೆಯ ಪೆಟ್ಟಿಗೆ ತುಂಬಿ, 10 ಸೆಂಮೀ ಎತ್ತರದಿಂದ ಮೂರು ಸಲ ಬೀಳಿಸಿ, ಕುಸಿದಷ್ಟನ್ನು ಮತ್ತೆ ತುಂಬಿ ತೂಗಿದರೆ ಸಾಕು. ಪ್ಯಾಕಿಂಗ್ ಸಾಮಗ್ರಿ ಹೆಚ್ಚಿರುವ ಕಸ ಘನ ಮೀಟರಿಗೆ 100–150 ಕೆಜಿ, ಆಹಾರ ಮತ್ತು ಮಣ್ಣು ಹೆಚ್ಚಿರುವುದು 300–500 ಕೆಜಿ ತೂಗುತ್ತದೆ. ಎರಡನೆಯದಕ್ಕೆ ಭಾರಿ ಕಾಂಪ್ಯಾಕ್ಟರ್ ಲಾರಿ ಕೊಳ್ಳುವುದು ದಂಡ ಎಂದೇ ನನ್ನ ಅಭಿಪ್ರಾಯ. ಆಗಲೇ ಒತ್ತಾಗಿರುವುದನ್ನು ಮತ್ತೆ ಒತ್ತಿದರೆ ರಸ ರಸ್ತೆಗೆ ಸೋರುತ್ತದೆ ಅಷ್ಟೆ.

ಈಗ ಸುಡುವ ಮಾತು. ಕೆಜಿಗೆ ಆಹಾರ ತ್ಯಾಜ್ಯದ ಉಷ್ಣಮೌಲ್ಯ (ಸುಟ್ಟಾಗ ಹೊಮ್ಮುವ ಶಾಖ) ಸುಮಾರು 4.6 ಮೆಗಾಜೌಲ್, ಎಲೆ-ಹುಲ್ಲಿನದು 6.5, ಕಾಗದದ್ದು 16.7, ಪ್ಲಾಸ್ಟಿಕ್ಕಿನದು 32.6. ಮೇಲಿನ ಉದಾಹರಣೆಗೆ ಸರಾಸರಿ 8.2 ಬರುತ್ತದೆ. ಅದರಲ್ಲಿನ ಕಾಗದ, ಪ್ಲಾಸ್ಟಿಕ್‌ಗಳ ಅರ್ಧ ಗುಜರಿಗೆ ಹೋದರೆ 6.3ಕ್ಕೆ ಇಳಿಯುತ್ತದೆ. ಇದರಲ್ಲೂ ನೀರನ್ನು ಆವಿಯಾಗಿಸಲು ಕೆಜಿ ನೀರಿಗೆ ಸುಮಾರು 2.4 ಮೆಗಾಜೌಲ್ ಕಳೆಯಬೇಕು. ಬೇರೆ ಇಂಧನದ ಆಸರೆಯಿಲ್ಲದೆ ಉರಿಯಲು ತೇವಾಂಶ ಶೇ. 50ಕ್ಕಿಂತ ಕಡಿಮೆ, ಬೂದಿ ಶೇ. 60ಕ್ಕಿಂತ ಕಡಿಮೆ, ಉರಿಯುವ ಭಾಗ ಶೇ. 25ಕ್ಕಿಂತ ಹೆಚ್ಚು ಇರಬೇಕು. ಮೂರೂ ಒಟ್ಟಿಗೆ, ಮಳೆಗಾಲದಲ್ಲೂ.

ಗೊಬ್ಬರಕ್ಕೆ ಬೇಕಾದ ತೇವಾಂಶ ಶೇ. 50–60, ಇಂಗಾಲ-ಸಾರಜನಕ ಅನುಪಾತ 25–30. ಆಹಾರ ತ್ಯಾಜ್ಯವೊಂದೇ ಆದರೆ ಅನುಪಾತ 15ರ ಆಸುಪಾಸು: ಹೆಚ್ಚಿನ ಸಾರಜನಕ ಅಮೋನಿಯಾ ಆಗಿ ಮೂಗಿಗೆ ಬಡಿಯುತ್ತದೆ, ಹೆಚ್ಚಿನ ನೀರು ಗಾಳಿಯ ಸಂದುಗಳನ್ನು ಮುಚ್ಚಿ ರಾಶಿಯನ್ನು ಕೊಳೆಸುತ್ತದೆ. ಒಣ ಎಲೆ ಅಥವಾ ಮರದ ಹೊಟ್ಟು ಬೆರೆಸಿದರೆ ಎರಡೂ ಸರಿಹೋಗುತ್ತವೆ. ಎಷ್ಟು ಬೆರೆಸಬೇಕೆಂಬುದನ್ನು ಓವನ್ನಿನ ತೂಕ ಹೇಳುತ್ತದೆ.