ಉಪ್ಪಿನಕಾಯಿ ಲೆಕ್ಕಕ್ಕಿಲ್ಲ

ಅಮ್ಮ ತೀರಿಕೊಂಡದ್ದು ಮಾರ್ಚ್‌ನಲ್ಲಿ, ಈಸ್ಟರಿಗೆ ಮುಂಚಿನ ಉಪವಾಸ ಕಾಲವಾದ ಕರೆಜ್ಮಾದ ನಡುವೆ. ಆ ನಲವತ್ತು ದಿನ ಮೀನಿನ ವಾಸನೆಯನ್ನೂ ಮನೆಯೊಳಗೆ ಬಿಡದ ಹೆಂಗಸು ಈಸ್ಟರಿಗೆ ಹತ್ತು ದಿನ ಇರುವಾಗ ಹೊರಟಳು. ‘ಉಪವಾಸ ಮುಗಿಸದೆ ಹೋದಳು’ ಎಂದು ಅಪ್ಪ ಎಲ್ಲರೆದುರು ದೂರಿದರು.

ಅವಳ ಭಕ್ತಿ ನಮಗೆಲ್ಲ ಕಾಟವೇ ಆಗಿತ್ತು, ಈಗ ಮುಚ್ಚಿಡುವುದೇಕೆ? ಸಂಜೆ ಏಳೂವರೆಗೆ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ. ಮನೆಗೆ ಯಾರೇ ಬಂದಿರಲಿ, ಕ್ರಿಕೆಟ್‌ನಲ್ಲಿ ಕೊನೆಯ ಓವರೇ ಇರಲಿ, ಮೊಣಕಾಲೂರಲೇಬೇಕು. ಐವತ್ಮೂರು ಮಣಿ ಮುಗಿದ ಮೇಲೆ ಅವಳ ಪ್ರಾರ್ಥನೆ ಪುಸ್ತಕದೊಳಗಿನ ಮರಣದ ಕಾರ್ಡುಗಳು ಹೊರಬರುತ್ತಿದ್ದವು. ಅಜ್ಜ, ಅಜ್ಜಿ, ಬಸ್ಸಿನಡಿ ಸಿಕ್ಕಿದ ಪಕ್ಕದ ಮನೆ ಹುಡುಗ, ಅವಳೇ ನೋಡಿರದ ಯಾರದೋ ಅತ್ತೆ. ಒಬ್ಬೊಬ್ಬರಿಗೂ ಒಂದೊಂದು ‘ಆಮ್ಚ್ಯಾ ಬಾಪಾ’ ಪ್ರಾರ್ಥನೆ. ಅಪ್ಪ ಗೋಡೆಗೊರಗಿ ತೂಕಡಿಸುತ್ತಿದ್ದರು. ಅಮ್ಮ ಪ್ರಾರ್ಥನೆ ನಿಲ್ಲಿಸದೆಯೇ ಕಾಲಿನಿಂದ ಅವರನ್ನು ತಿವಿಯುತ್ತಿದ್ದಳು. ಕೊನೆಗೆ ‘ಬೆಸಾಂವ್’ ಕೇಳಲು ನಾವು ಕೈಮುಗಿದು ಬಂದರೆ, ಆಶೀರ್ವಾದದ ಬೆನ್ನಿಗೇ ಹೋಮ್‌ವರ್ಕ್ ವಿಚಾರಣೆ.

ಅವಳಿಲ್ಲದ ಮೊದಲ ಮೊಂತಿ ಫೆಸ್ತ್ ಸೆಪ್ಟೆಂಬರ್ 8ಕ್ಕೆ ಬಂತು. ಮೇರಿ ಮಾತೆ ಹುಟ್ಟಿದ ದಿನ, ನಮ್ಮ ಕರಾವಳಿಯ ಕ್ಯಾಥೊಲಿಕರಿಗೆ ಹೊಸಕ್ಕಿ ಊಟವೂ ಅಂದೇ. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ 1763ರಲ್ಲಿ ಗೋವೆಯ ಪಾದ್ರಿ ಜೋಕಿಂ ಮಿರಾಂದಾ ಇದನ್ನು ಶುರುಮಾಡಿದರು ಎಂಬುದು ಅಮ್ಮನಿಗೆ ಬಾಯಿಪಾಠ. ನನ್ನ ಹುಟ್ಟಿದ ದಿನವನ್ನು ಒಮ್ಮೆ ಮರೆತಿದ್ದಳು, 1763ನ್ನು ಮಾತ್ರ ಎಂದೂ ಮರೆತವಳಲ್ಲ.

ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಒಯ್ಯುತ್ತಾರೆ. ಬೀದಿಯ ಮಕ್ಕಳಿಗೆಲ್ಲ ಹೂ ಕೊಯ್ದು ಕೊಡುತ್ತಿದ್ದವಳು ಅವಳು. ಈ ಸಲ ದಾಸವಾಳ ಗಿಡದಲ್ಲೇ ಬಾಡಿ ಅಂಗಳಕ್ಕೆ ಬಿತ್ತು.

ಪೂಜೆ ಮುಗಿದ ಮೇಲೆ ನಮ್ಮ ವಾರ್ಡಿನ ಮುಖ್ಯಸ್ಥರಾದ ಗುರ್ಕಾರರು ಕೊಟ್ಟ ಭತ್ತದ ಕದಿರನ್ನು ಅಪ್ಪ ಎದೆಗೊತ್ತಿಕೊಂಡು ತಂದರು. ಸುಲಿಯುವುದು ಅಮ್ಮನ ಕೆಲಸವಾಗಿತ್ತು. ಹೆಬ್ಬೆರಳಿನ ಉಗುರು ಒತ್ತಿದರೆ ಸಾಕು, ಹಸಿರು ಸಿಪ್ಪೆ ಬಿರಿದು ಎಳೆಯ ಅಕ್ಕಿ ಇಡಿಯಾಗಿ ಹೊರಬೀಳುತ್ತಿತ್ತು. ಅಪ್ಪ ಒತ್ತಿದ್ದೆಲ್ಲ ಹಿಟ್ಟಾಯಿತು. ಅವರು ಕನ್ನಡಕ ಮೇಲೇರಿಸಿ, ಇದ್ದುದರಲ್ಲಿ ಗಟ್ಟಿ ಕಾಳುಗಳನ್ನು ಆರಿಸಿ ತೆಂಗಿನಹಾಲಿಗೆ ಹಾಕಿದರು. ಎಲ್ಲರಿಗೂ ಒಂದೊಂದು ಲೋಟ.

ಊಟಕ್ಕೆ ಬಾಳೆಲೆ, ಬರೀ ತರಕಾರಿ, ಅದೂ ಬೆಸ ಸಂಖ್ಯೆಯಲ್ಲಿ. ನಾವು ಏಳು ಎಂದು ಹೊರಟಿದ್ದೆವು. ಹರಿವೆ ದಂಟು, ಬೆಂಡೆ, ಹೀರೆ, ಕೆಸುವಿನ ದೇಟು, ಹಾಗಲ, ಅಂಬಡೆ ಆಯಿತು. ಅಲಸಂಡೆ ನನ್ನ ಪಾಲಿಗೆ ಬಂದಿತ್ತು. ಫೋನಿನಲ್ಲಿ ಮಾತಾಡುತ್ತಾ ತಳ ಹಿಡಿಸಿದೆ. ಆರೇ ಉಳಿದದ್ದು ಗೊತ್ತಾದಾಗ ಎಲ್ಲರೂ ಎಲೆಯ ಮುಂದೆ ಕೂತಾಗಿತ್ತು.

‘ಉಪ್ಪಿನಕಾಯಿ ಸೇರಿಸಿದರೆ ಏಳು’ ಅಂದ ತಮ್ಮ. ನಾನೂ ತಲೆಯಾಡಿಸಿದೆ.

‘ಉಪ್ಪಿನಕಾಯಿ ಲೆಕ್ಕಕ್ಕಿಲ್ಲ’ ಅಂದರು ಅಪ್ಪ.

ಅದು ಅಮ್ಮನ ಮಾತು. ಪ್ರತಿ ವರ್ಷ ನಮ್ಮಲ್ಲಿ ಒಬ್ಬರಾದರೂ ಆ ತಕರಾರು ತೆಗೆದು ಬೈಸಿಕೊಳ್ಳುತ್ತಿದ್ದೆವು. ಇಷ್ಟು ವರ್ಷ ಅಪ್ಪ ನಮ್ಮ ಕಡೆಯವರಾಗಿದ್ದರು.

ಅವರು ಎದ್ದು ಕೊಡೆ ಹಿಡಿದು ಹಿತ್ತಲಿಗೆ ನಡೆದರು. ಅಮ್ಮ ಹಬ್ಬಿಸಿದ ತೊಂಡೆ ಚಪ್ಪರ ಅಲ್ಲಿದೆ. ಆರು ತಿಂಗಳಿಂದ ಯಾರೂ ಸರಿಯಾಗಿ ಕೊಯ್ದಿರಲಿಲ್ಲ, ಹಣ್ಣಾಗಿ ಕೆಂಪಗೆ ಜೋತವೇ ಹೆಚ್ಚು. ಮಳೆಯಲ್ಲಿ ಹುಡುಕಿ ಹುಡುಕಿ ಎಂಟು ಹತ್ತು ಹಸಿರು ಕಾಯಿ ಬನಿಯನ್ನಿನ ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ತಮ್ಮ ಹೆಚ್ಚಿದ, ನಾನು ಒಗ್ಗರಣೆ ಹಾಕಿದೆ. ಈ ಸಲ ಫೋನು ಮುಟ್ಟಲಿಲ್ಲ.

ಉಂಡಾಗ ಮೂರು ಗಂಟೆ ದಾಟಿತ್ತು. ಒಬ್ಬೊಬ್ಬರಿಗೆ ನಾಲ್ಕೈದು ತುಂಡು ತೊಂಡೆಕಾಯಿ. ಅದಕ್ಕೆ ಉಪ್ಪು ಹಾಕುವುದೇ ಮರೆತಿತ್ತು. ಅಪ್ಪ ಏನೂ ಅನ್ನದೆ ಉಪ್ಪಿನಕಾಯಿ ನೆಂಚಿಕೊಂಡು ತಿಂದರು.