70 ಪರ್ಸೆಂಟ್ ಕೈ

ಮೊನ್ನೆ ಬುಧವಾರ ಮಾವನ ಬಲ ಮಣಿಕಟ್ಟಿನ ಆಪರೇಷನ್ ಆಗಿ ಆರು ತಿಂಗಳ ಚೆಕಪ್ ಇತ್ತು. ಡಾಕ್ಟ್ರು ಕೈಗೊಂದು ಬಲ ಅಳೆಯೋ ಹಿಡಿ ಕೊಟ್ಟು ಜೋರಾಗಿ ಒತ್ತಿ ಅಂದ್ರು, ಬಲಗೈ ಮೂರು ಸಲ, ಎಡಗೈ ಮೂರು ಸಲ, ಮುಳ್ಳು ನೋಡಿ ಬರ್ಕೊಂಡು ಖುಷಿಯಾದ್ರು. ಬಲಗೈಗೆ ಎಡಗೈಯ 70 ಪರ್ಸೆಂಟ್ ಬಲ ಬಂದಿದೆ, ಒಳ್ಳೇ ರಿಸಲ್ಟ್ ಅಂತೆ. ಮಾವ ನನ್ನ ಕಡೆ ತಿರುಗಿ, "ಕೇಳು ಮಾರಾಯ, 70 ಪರ್ಸೆಂಟ್ ಕೈಯಲ್ಲಿ ದೋಸೆ ಹೊಯ್ಲಿಕ್ಕೆ ಆಗ್ತದಾ?"

ನಾನು ಡಾಕ್ಟ್ರಿಗೆ ಹಿಂದೀಲಿ "ಕಾಮ್ ಕರ್ ಸಕ್ತೇ ಹೈ ಕ್ಯಾ", ಕೆಲಸ ಮಾಡ್ಬಹುದಾ, ಅಂತ ಕೇಳ್ದೆ. ಹಗುರ ಕೆಲಸ ಮಾಡ್ಲಿ ಅಂದ್ರು. ಮಾವ ಕೇಳಿದ್ದು ಅದಲ್ಲ ಅಂತ ಗೊತ್ತಿದ್ದೂ ಸುಮ್ನಾದೆ.

1998ರಲ್ಲಿ ಮಾವ ಮುಂಬೈಯ ಮಾಟುಂಗಾ ಸ್ಟೇಷನ್ನಲ್ಲಿ ಅಂಗೈ ಊರಿ ಬಿದ್ದದ್ದು. ಎಕ್ಸ್‌ರೇಲಿ ಏನೂ ಇಲ್ಲ, ಉಳುಕು ಅಂದ ಒಬ್ಬ ಮಹಾನುಭಾವ, ಇವ್ರೂ ಎಣ್ಣೆ ತಿಕ್ಕಿ ಮರುವಾರ ದೋಸೆ ತವಾ ಮುಂದೆ ಕೆಲಸಕ್ಕೆ ನಿಂತ್ರು. ಹೆಬ್ಬೆರಳ ಬುಡದಲ್ಲಿ ಸ್ಕೇಫಾಯ್ಡ್ ಅಂತ ಗೋಡಂಬಿ ಥರದ ಎಲುಬು, ಅದು ಬಿರುಕು ಬಿಟ್ರೆ ಮೊದಲ ಎಕ್ಸ್‌ರೇಲಿ ಎಷ್ಟೋ ಸಲ ಕಾಣೋದೇ ಇಲ್ವಂತೆ, ರಕ್ತ ಓಡಾಟ ಕಮ್ಮಿ ಆದ್ದರಿಂದ ಕೂಡೋದೂ ಕಷ್ಟ, ಕೂಡದೇ ಇದ್ರೆ ವರ್ಷಗಟ್ಲೆ ಸುತ್ತಲಿನ ಕೀಲು ಸವೀತಾ ಹೋಗ್ತದೆ. ಕೊನೆಗೆ ಲೋಟ ಎತ್ತಿದ್ರೂ ನೋವು. ಮಣಿಕಟ್ಟಿನ 8 ಎಲುಬಲ್ಲಿ ಒಂದು ಸಾಲಿನ 3 ತೆಗೆಯೋದು, ಇಲ್ಲಾ ಪ್ಲೇಟ್ ಹಾಕಿ ಇಡೀ ಕೀಲೇ ಬೆಸೆಯೋದು, ಎರಡು ದಾರಿ ಹೇಳಿದ್ರು. ಬೆಸೆದ್ರೆ ಅಂಗೈ ಮೇಲೆ ಕೆಳಗೆ ತಿರುಗಿಸ್ಬಹುದು, ಮಣಿಕಟ್ಟು ಬಗ್ಗಲ್ಲ. ಪುಣೆಲಿರೋ ಮಗರಾಯ ವಿಡಿಯೋ ಕಳಿಸಿ ಬೆಸೆಯೋದೇ ಗಟ್ಟಿ ಅಂದ. ಅವನಿಗೇನು, ಆಸ್ಪತ್ರೆಗೆ ಒಂದಿನ ಬಂದವನಲ್ಲ. ಮಾವ 3 ಎಲುಬು ಕೊಟ್ರು. ಬಗ್ಗೋದು ಮೊದಲಿನ ಅರ್ಧ, ನೋವು ಮಾತ್ರ ನಿಜವಾಗ್ಲೂ ಹೋಗಿದೆ.

ಆದ್ರೆ ಆ ಪ್ರಶ್ನೆ ಬಿಡ್ತಾ ಇಲ್ಲ. ದೋಸೆ ಹೊಯ್ಲಿಕ್ಕೆ ಆಗ್ತದಾ. ಮಾವಂಗೆ ನನಗಿಂತ ಚೆನ್ನಾಗಿ ಹಿಂದಿ ಬರ್ತದೆ, ಮರಾಠಿಲಿ ಬೈಗುಳವೂ ಬರ್ತದೆ, ಮತ್ಯಾಕೆ ನನ್ನ ಕೈಲಿ ಕೇಳಿಸಿದ್ರು? ಉತ್ತರ ನೇರ ಕಿವಿಗೆ ಬೀಳೋದು ಬೇಡ ಅಂತಾನಾ?

ನಿನ್ನೆ ಡೊಂಬಿವಲಿಗೆ ಹೋದಾಗ ಮಾವ ಅತ್ತೆಯ ಸಣ್ಣ ಕಾವಲಿ ಮುಂದೆ ನಿಂತಿದ್ರು. ಹಿಟ್ಟಿನ ಪಾತ್ರೆ ಅತ್ತೆನೇ ಎತ್ತಿ ಕೊಟ್ರು. ಸೌಟು ಸಲೀಸಾಗಿ ಸುತ್ತಿತು, ನೋಡಿದ್ರೆ ಹೊಯ್ಯೋದೆಲ್ಲ ಮೊಣಕೈ ಭುಜದ್ದೇ ಕೆಲಸ. ಕಾವಲಿಗೆ ನೀರು ಚಿಮುಕಿಸಿ ಹಿಡಿಸೂಡಿಲಿ ಫಟ್ ಅಂತ ಗುಡಿಸ್ತಾರಲ್ಲ, ಅಲ್ಲಿ ಮಣಿಕಟ್ಟು ತಡೀತು, ಇಡೀ ಮೈಯನ್ನೇ ತಿರುಗಿಸಿ ಗುಡಿಸಿದ್ರು. ನಾನು ನೋಡಿದ್ದು ಗೊತ್ತಾಯ್ತೇನೋ.

"ಎಂತ ನೋಡ್ತಿ, ಎಷ್ಟು ಹಾಕ್ಲಿ ಹೇಳು" ಅಂದ್ರು.